ವ್ಯಾನಿನ ನೀರು ಮಾತಾಡಿಸಿದ ಮೂರು ದಿನ

ನಮ್ಮೂರಲ್ಲಿ ಚಳಿಗಾಲ ಬಂತು ಅಂದರೆ ಬೆಳಿಗ್ಗೆ ಎದುರು ಸಿಕ್ಕವರು ತಿಂಡಿ ಆಯ್ತಾ ಅಂತ ಕೇಳುವುದಿಲ್ಲ, ನೀರು ಮಾತಾಡಿಸಿದ್ರಾ ಅಂತ ಕೇಳುತ್ತಾರೆ. ಹೂಂ, ಆಯ್ತು ಅಂದರೆ ಆ ಮನೆಯಲ್ಲಿ ಎಲ್ಲ ನೆಟ್ಟಗಿದೆ ಅಂತ ಲೆಕ್ಕ. ಮಾತಾಡಿಸದೆ ಬಿಟ್ಟ ನೀರು ಮೊದಲು ಮಂಕಾಗುತ್ತದೆ, ಆಮೇಲೆ ಅದರ ಮೇಲೆ ಹಾಲಿನ ಕೆನೆಯ ಹಾಗೆ ತೆಳ್ಳಗೆ ಒಂದು ಪದರ ಕಟ್ಟುತ್ತದೆ, ಆಮೇಲೆ ತಳದವರೆಗೂ ಹೆಪ್ಪುಗಟ್ಟಿ ಕೂರುತ್ತದೆ. ಕೆನೆ ಕಟ್ಟಿದಾಗಲೇ ಎಚ್ಚೆತ್ತರೆ ಉಳಿಸಿಕೊಳ್ಳಬಹುದು. ಪೂರ್ತಿ ಹೆಪ್ಪುಗಟ್ಟಿದ ಮೇಲೆ ಕೆಳಗೆ ಬೆಂಕಿ ಉರಿಸಿದರೂ ಸಂಕ್ರಾಂತಿವರೆಗೆ ಕರಗುವುದಿಲ್ಲ. ಬೇರೆ ಊರಿಂದ ಬಂದ ಸೊಸೆಯರಿಗೆ ಮೊದಲ ವರ್ಷ ಇದೆಲ್ಲ ವಿಚಿತ್ರ ಅನ್ನಿಸುತ್ತದೆ. ಎರಡನೇ ವರ್ಷ ಅವರೂ ಹಂಡೆ ಮುಂದೆ ನಿಂತು ಅತ್ತೆ ಮೇಲೆ ಚಾಡಿ ಹೇಳುತ್ತಿರುತ್ತಾರೆ. ನಾನೂ ಹಾಗೇ ಕಲಿತವಳು.

ನನ್ನ ಹೆಸರು ರುದ್ರಾಣಿ. ನನ್ನ ಬಾಯಿ ಎಂಥದ್ದು ಅಂತ ಇಡೀ ಊರಿಗೆ ಗೊತ್ತು, ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ. ನಾನು ಕೊಳಾಯಿ ಹತ್ತಿರ ಬಂದರೆ ಉಳಿದವರು ಬಿಂದಿಗೆ ಕೆಳಗಿಟ್ಟು ಕೂತುಕೊಳ್ಳುತ್ತಾರೆ, ಯಾಕೆಂದರೆ ನಾನು ಒಂದು ವಿಷಯ ಶುರು ಮಾಡಿದರೆ ಅದು ಮೂರು ಮನೆ ದಾಟಿ ಹೋಗಿ ಸುತ್ತಿಕೊಂಡು ವಾಪಸ್ಸು ಬರಬೇಕು. ನಮ್ಮ ಯಜಮಾನರಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ. ಅವರು ಮಾತಿಗಿಂತ ಗುಂಡಿ ಹೆಚ್ಚು ಖರ್ಚು ಮಾಡುವ ಮನುಷ್ಯ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಮ್ಮ ಮನೆಯ ನೀರು ಒಂದು ಸಲವೂ ಕೆನೆ ಕಟ್ಟಿಲ್ಲ. ಅದು ನನ್ನ ಬಾಯಿಯ ಪ್ರತಾಪ ಅಂತಲೇ ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ, ಊರೂ ಒಪ್ಪಿಕೊಂಡಿತ್ತು.

ನಮ್ಮ ಯಜಮಾನರ ತಮ್ಮ ಗುರುಬಸು. ಅವನದು ಟ್ಯಾಂಕು ತೊಳೆಯುವ ವ್ಯಾನು. ಮನೆಗಳ ಮೇಲಿನ ಟ್ಯಾಂಕು, ಅಂಗಳದ ಸಂಪು, ಛತ್ರದ ತೊಟ್ಟಿ, ಎಲ್ಲ ಅವನೇ ತೊಳೆಯಬೇಕು. ವ್ಯಾನಿನ ಹಿಂಭಾಗದಲ್ಲಿ ಒಂದು ದೊಡ್ಡ ನೀಲಿ ಟ್ಯಾಂಕು, ಅದರ ಕೆಳಗೆ ಪಂಪು, ಪಕ್ಕದಲ್ಲಿ ಚಕ್ರಕ್ಕೆ ಸುತ್ತಿಟ್ಟ ಉದ್ದನೆ ಪೈಪು, ಪೈಪಿನ ತುದಿಗೆ ನೀರು ಚಿಮ್ಮಿಸುವ ಹಿತ್ತಾಳೆಯ ಗನ್ನು. ಟ್ಯಾಂಕಿನ ಹೊರಗೆ ಒಂದು ಗಾಜಿನ ಕೊಳವೆ ಇದೆ, ಒಳಗೆ ನೀರು ಎಷ್ಟಿದೆ ಅಂತ ಅದರಲ್ಲಿ ಕಾಣುತ್ತದೆ. ಚಳಿಗಾಲದಲ್ಲಿ ಅವನ ಜೀವವೆಲ್ಲ ಆ ಕೊಳವೆಯಲ್ಲೇ ಇರುತ್ತಿತ್ತು. ಟ್ಯಾಂಕು ಖಾಲಿ ಮಾಡಿ ಇಟ್ಟರೆ ಆಯ್ತಲ್ಲ ಅಂತ ಹೊರಗಿನವರು ಕೇಳುತ್ತಾರೆ. ಟ್ಯಾಂಕನ್ನೇನೋ ಖಾಲಿ ಮಾಡಬಹುದು, ಪಂಪಿನ ಹೊಟ್ಟೆಯೊಳಗೆ ಒಂದು ಲೋಟದಷ್ಟು ನೀರು ಉಳಿದೇ ಉಳಿಯುತ್ತದೆ. ಆ ಒಂದು ಲೋಟ ಹೆಪ್ಪುಗಟ್ಟಿ ಉಬ್ಬಿದರೆ ಕಬ್ಬಿಣವನ್ನೇ ಸೀಳಿಬಿಡುತ್ತದೆ. ಅದಕ್ಕಿಂತ ತುಂಬಿಟ್ಟ ಟ್ಯಾಂಕೇ ವಾಸಿ, ದೊಡ್ಡ ನೀರನ್ನು ಮಾತಾಡಿಸಿದರೆ ಪಂಪಿನೊಳಗಿನ ಚಿಕ್ಕ ನೀರಿಗೂ ಕೇಳಿಸುತ್ತದೆ.

ಹೋದ ವರ್ಷ ಮಾತಾಡಿಸುವುದು ಒಂದು ದಿನ ತಪ್ಪಿ ಹಾಗೆ ಸೀಳಿಯೂ ಇತ್ತು. ಸೀಳಿದ್ದನ್ನು ವೆಲ್ಡಿಂಗ್ ಮಾಡಿಕೊಟ್ಟವನು ಇನ್ನೊಂದು ಸಲ ಇದು ತಡೆಯಲ್ಲ ಅಂತ ಮುಖಕ್ಕೇ ಹೇಳಿದ್ದ. ಅಂಥ ಪಂಪು ಈಗ ಎಲ್ಲೂ ಸಿಗುವುದಿಲ್ಲ. ಅದು ಹೋದರೆ ಗುರುಬಸು ಮತ್ತೆ ಗೋದಾಮಿನಲ್ಲಿ ಮೂಟೆ ಹೊರಬೇಕು, ಹೊತ್ತು ಹೊತ್ತು ಅವನ ಬೆನ್ನು ಆಗಲೇ ಒಂದು ಸಲ ಕೈಕೊಟ್ಟಿತ್ತು. ಅವನ ಹೆಂಡತಿ ಚೆನ್ನಾಜಿ ಹಟ ಹಿಡಿದು ಗೋದಾಮು ಬಿಡಿಸಿ ಈ ವ್ಯಾನು ಹಿಡಿಸಿದ್ದಳು. ಪ್ರತಿ ಚಳಿಗಾಲ ವ್ಯಾನಿನ ನೀರು ಮಾತಾಡಿಸುತ್ತಿದ್ದವಳೂ ಅವಳೇ. ಈ ಸಲ ಅವಳು ಚೊಚ್ಚಲ ಬಾಣಂತನಕ್ಕೆ ಘಟ್ಟದಾಚೆಯ ತವರಿಗೆ ಹೋಗಿದ್ದಳು.

ಹಾಗಾಗಿ ಈ ಸಲ ಊರಿಗೆಲ್ಲ ಕುತೂಹಲವೋ ಕುತೂಹಲ. ಗುರುಬಸುಗೆ ಮಾತು ಬರುವುದಿಲ್ಲ ಅಂತಲ್ಲ, ಆದರೆ ಅವನು ಒಂದು ವಾಕ್ಯ ಮುಗಿಸುವುದರೊಳಗೆ ಎದುರಿನವರ ಕಾಫಿ ಆರಿಹೋಗುತ್ತದೆ. ಇವನು ಎರಡು ತಿಂಗಳು ನೀರಿಗೆ ಏನು ಹೇಳಿಯಾನು ಅಂತ ನಮ್ಮ ಬೀದಿಯಲ್ಲಿ ಅದೇ ಮಾತು. ನಾನಂತೂ ಸುಮ್ಮನೆ ಇರಲಾರದೆ ಒಂದು ಬೆಳಿಗ್ಗೆ ಅವನ ಅಂಗಳದ ಗೋಡೆ ಪಕ್ಕ ನಿಂತು ಕದ್ದು ಕೇಳಿದೆ. ಅವನು ಬಕೆಟ್ಟು ಬೋರಲು ಹಾಕಿ ಟ್ಯಾಂಕಿನ ಪಕ್ಕ ಕೂತಿದ್ದ. ತುಟಿ ಒಂದೇ ಸಲ ಅಲ್ಲಾಡಿದ ಹಾಗಿತ್ತು. ಆಮೇಲೆ ಸುಮಾರು ಹೊತ್ತು ಸುಮ್ಮನೆ ಕೂತ, ಎದ್ದ, ಕೊಳವೆ ನೋಡಿದ, ಕೈ ಒರೆಸಿಕೊಂಡು ಹೋದ. ನೀರು ತಿಳಿಯಾಗಿತ್ತು. ಇದು ಅವನ ಅದೃಷ್ಟ, ಇಲ್ಲವೇ ಹೋದ ವರ್ಷ ಚೆನ್ನಾಜಿ ಆಡಿದ ಮಾತು ಇನ್ನೂ ಟ್ಯಾಂಕಿನಲ್ಲಿ ಮಿಕ್ಕಿದೆ ಅಂದುಕೊಂಡೆ.

ಪುಷ್ಯ ಮಾಸದ ಶುರುವಿನಲ್ಲಿ ಫೋನು ಬಂತು. ಚೆನ್ನಾಜಿಗೆ ದಿನಕ್ಕೆ ಮುಂಚೆಯೇ ನೋವು ಕಾಣಿಸಿಕೊಂಡಿದೆ, ಕೂಡಲೇ ಹೊರಟು ಬಾ ಅಂದರಂತೆ. ಆ ವ್ಯಾನು ಘಟ್ಟ ಹತ್ತುವುದಿಲ್ಲ, ಬಸ್ಸಲ್ಲೇ ಹೋಗಬೇಕು. ಗುರುಬಸು ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದ.

"ಅತ್ತಿಗೆ, ಮೂರು ದಿನ ನೀರು ಮಾತಾಡಿಸ್ತೀರಾ?" ಅಂದ.

"ಮಾತಾಡೋದು ನನಗೆ ಹೇಳ್ಕೊಡ್ತೀಯೇನೋ? ನೀನು ಬಸ್ಸು ಹಿಡಿ," ಅಂದೆ.

ಅವನು ಹೋಗಲಿಲ್ಲ. ಏನೋ ಹೇಳುವುದಕ್ಕೆ ಬಾಯಿ ತೆರೆದ. ಅದೇನು ಅಂತ ಅವತ್ತು ಕೇಳಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಕೇಳಿಸಿಕೊಳ್ಳಲಿಲ್ಲ. ಬಾಣಂತಿಗೆ ಏನು ತಿನ್ನಿಸಬೇಕು, ಯಾವ ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಗುತ್ತದೆ, ಮಗುವಿಗೆ ಯಾರ ಹೆಸರಿಡಬೇಕು ಅಂತ ನಾನು ಹೇಳುತ್ತಲೇ ಇದ್ದೆ. ಅವನು ಬಾಯಿ ಮುಚ್ಚಿ ವ್ಯಾನಿನ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು ಓಡಿದ.

ಮೊದಲ ದಿನ ನಾನು ಅವನ ಬಕೆಟ್ಟಿನ ಮೇಲೆ ಕೂತು ಒಂದೇ ಸಮನೆ ಮಾತಾಡಿದೆ. ನನ್ನ ತಂಗಿಯ ಮದುವೆಯಲ್ಲಿ ಬೀಗರ ಕಡೆಯವರು ಹೋಳಿಗೆಗೆ ತುಪ್ಪ ಸಾಲದು ಅಂತ ಎದ್ದು ಹೋದದ್ದು, ಅವರನ್ನು ನಾನು ಬಸ್‌ಸ್ಟ್ಯಾಂಡಿನವರೆಗೆ ಹಿಂಬಾಲಿಸಿ ಬೈದದ್ದು, ಹಿಂದಿನ ಮನೆಯವರು ಕಾಂಪೌಂಡು ಒಂದು ಗೇಣು ನಮ್ಮ ಕಡೆಗೆ ಒತ್ತರಿಸಿದ್ದು, ನಮ್ಮತ್ತೆ ಸಾಯುವ ಮುಂಚೆ ಉಪ್ಪಿನಕಾಯಿ ಭರಣಿಯ ಗುಟ್ಟು ಹೇಳದೆ ಹೋದದ್ದು, ಎಲ್ಲ ಹೇಳಿದೆ. ಸಂಜೆವರೆಗೆ ಕೊಳವೆಯಲ್ಲಿ ನೀರು ತಿಳಿಯಾಗಿಯೇ ಇತ್ತು. ಮನೆಗೆ ಬಂದು ನಮ್ಮ ಯಜಮಾನರಿಗೆ, ನಿಮ್ಮ ತಮ್ಮನ ವ್ಯಾನಿಗೆ ಇಷ್ಟು ವೈಭವ ಯಾವತ್ತೂ ಆಗಿರಲಿಲ್ಲ ಅಂದೆ. ಅವರು ಹೂಂ ಅಂದು ಕಾಜಾ ಹೊಲಿಯುವುದನ್ನು ಮುಂದುವರಿಸಿದರು.

ಎರಡನೇ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಕೊಳವೆಯ ನೀರು ಮಂಕಾಗಿದೆ. ರಾತ್ರಿಯೆಲ್ಲ ಒಂಟಿಯಾಗಿ ಬಿಟ್ಟಿದ್ದಕ್ಕೆ ಹೀಗಾಗಿರಬೇಕು ಅಂದುಕೊಂಡು ಡಬಲ್ ಮಾತು ಶುರು ಮಾಡಿದೆ, ಜೋರಾಗಿ, ಟ್ಯಾಂಕಿಗೆ ಬಾಯಿ ಹತ್ತಿರ ಇಟ್ಟು. ಒಂದು ಗಂಟೆ ಕಳೆಯುವುದರೊಳಗೆ ಕೆನೆ ಕಟ್ಟಿತು. ನನ್ನ ಮಾತಿಗೆ ನೀರು ಕೆನೆ ಕಟ್ಟುವುದು ಅಂದರೇನು? ಭಯಕ್ಕಿಂತ ಮುಂಚೆ ನನಗೆ ಅವಮಾನವಾಯಿತು, ನಿಜ ಹೇಳುತ್ತೇನೆ.

ಆಮೇಲೆ ನಾನು ಮಾಡದ ಸಾಹಸವಿಲ್ಲ. ಗೋಣಿಚೀಲ ತಂದು ಪಂಪಿಗೆ ಸುತ್ತಿದೆ, ಅದರ ಮೇಲೆ ಕಂಬಳಿ ಹೊದಿಸಿದೆ, ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ವ್ಯಾನಿನ ಅಡಿಗಿಟ್ಟೆ. ಚಳಿಯಿಂದ ಕಟ್ಟುವ ನೀರಾಗಿದ್ದರೆ ಅದಕ್ಕೆ ಕರಗುತ್ತಿತ್ತು. ರೇಡಿಯೋ ತಂದು ಟ್ಯಾಂಕಿನ ಮೇಲಿಟ್ಟೆ, ವಾರ್ತೆ ಓದುವವನು ಅರ್ಧ ಗಂಟೆ ಓದಿದ, ನೀರು ಇನ್ನಷ್ಟು ಬೆಳ್ಳಗಾಯಿತು. ಬೀದಿಯ ಹೆಂಗಸರನ್ನು ಕರೆದೆ. ಆರು ಜನ ಬಂದರು, ಆರೂ ಜನ ಒಟ್ಟಿಗೆ ಮಾತಾಡಿದರು, ಬರಬರುತ್ತಾ ನೀರನ್ನು ಮರೆತು ತಮ್ಮತಮ್ಮಲ್ಲೇ ಮಾತಿಗಿಳಿದರು. ಅವರಲ್ಲಿ ಹೂ ಮಾರುವ ಮರುಳಮ್ಮ ಮಾತ್ರ ಕೊಳವೆ ನೋಡಿ, ರುದ್ರಾಣಕ್ಕ, ಇದು ನಿಮ್ಮ ಮೇಲೆ ಮುನಿಸಿಕೊಂಡ ಹಾಗಿದೆ ಅಂದಳು. ಅವಳಿಗೆ ನಾಲ್ಕು ಮಾತು ಬೈದು ಎಲ್ಲರನ್ನೂ ಸಾಗಹಾಕಿದೆ.

ಅಷ್ಟರಲ್ಲಿ ಪಕ್ಕದ ಪೈಪಿನ ಸುರುಳಿಯಲ್ಲಿ ಟಪ್ ಅಂತ ಸದ್ದಾಯಿತು. ಪೈಪಿನ ತುದಿ ಒಂದು ಮೊಳದಷ್ಟು ಸೀಳಿಕೊಂಡು ಒಳಗಿನ ಬಿಳಿ ನೀರು ಹೊರಗೆ ಇಣುಕುತ್ತಿತ್ತು. ಗನ್ನಿನ ಮೂತಿಯೂ ಬಿರುಕು ಬಿಟ್ಟಿತ್ತು. ತುದಿಯಿಂದ ಹೆಪ್ಪುಗಟ್ಟುತ್ತಾ ಒಳಕ್ಕೆ ಬರುತ್ತಿದೆ, ಇನ್ನು ಉಳಿದಿರುವುದು ಪಂಪು. ನಾನು ಪಂಪಿನ ಮೇಲೆ ಕೈಯಿಟ್ಟು ನೋಡಿದೆ. ಹೋದ ವರ್ಷದ ಬೆಸುಗೆಯ ಗೆರೆ ಬೆರಳಿಗೆ ಸಿಕ್ಕಿತು. ಬೆನ್ನು ಹಿಡಿದುಕೊಂಡು ಗೋದಾಮಿನಿಂದ ಬರುತ್ತಿದ್ದ ಗುರುಬಸು ಕಣ್ಣ ಮುಂದೆ ಬಂದ. ಮಗು ಮಡಿಲಿಗೆ ಬರುವ ದಿನವೇ ಅವನ ಅನ್ನ ಕಸಿದವಳು ಅನ್ನಿಸಿಕೊಳ್ಳುತ್ತೇನಲ್ಲ ಅಂತ ಅಳು ಬಂತು. ಅಳುವುದಕ್ಕೂ ದನಿ ಇರಲಿಲ್ಲ, ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು.

ಉಪ್ಪು ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ದನಿ ಬಿಟ್ಟೀತು ಅಂತ ಮನೆಗೆ ಓಡಿದೆ. ದಾರಿಯಲ್ಲೇ ಹೊಳೆಯಿತು, ನಿನ್ನೆಯಿಂದ ರಾತ್ರಿ ಮಲಗಿದ್ದು ಬಿಟ್ಟರೆ ನಾನು ಮನೆಯಲ್ಲಿ ಇಲ್ಲವೇ ಇಲ್ಲ, ಮನೆಯ ನೀರಿಗೆ ಒಂದು ಮಾತೂ ಆಡಿಲ್ಲ, ಅಲ್ಲಿ ಹಂಡೆಯೂ ಹೋಗಿರಬೇಕು. ಬಚ್ಚಲಿಗೆ ನುಗ್ಗಿ ಮುಚ್ಚಳ ತೆಗೆದೆ. ನೀರು ಅಲುಗುತ್ತಿತ್ತು. ತಳದ ಕಿಲುಬು ಕಾಣುವಷ್ಟು ತಿಳಿಯಾಗಿತ್ತು. ಅಡುಗೆಮನೆಯ ಬಿಂದಿಗೆ ನೋಡಿದೆ, ಕುಡಿಯುವ ನೀರಿನ ಮಡಕೆ ನೋಡಿದೆ, ಎಲ್ಲವೂ ಹಾಗೇ. ನನ್ನ ಇಪ್ಪತ್ತೆರಡು ವರ್ಷದ ಪ್ರತಾಪ ನಾನಿಲ್ಲದೆಯೂ ನಡೆದುಕೊಂಡು ಹೋಗಿತ್ತು.

ನಮ್ಮ ಯಜಮಾನರು ಊಟಕ್ಕೆ ಬಂದವರು ಕೈಕಾಲು ತೊಳೆಯಲು ಬಚ್ಚಲಿಗೆ ಬಂದರು. ನಾನು ಬಾಗಿಲ ಹಿಂದೆ ಇರುವುದು ಅವರಿಗೆ ಕಾಣಲಿಲ್ಲ. ಅವರು ಹಂಡೆಯ ಕಂಠದ ಮೇಲೆ ಅಂಗೈ ಇಟ್ಟರು. "ಹೆಂಗಿದ್ದೀಯವ್ವಾ?" ಅಂದರು. ಅಷ್ಟೇ. ಆಮೇಲೆ ತಲೆ ತುಸು ವಾರೆ ಮಾಡಿಕೊಂಡು ನಿಂತರು. ಎಷ್ಟು ಹೊತ್ತು ನಿಂತರು ಅಂದರೆ ನನಗೆ ಕಾಲು ನೋಯತೊಡಗಿತು. ಈ ನಿಲ್ಲುವಿಕೆ ನನಗೆ ಹೊಸದಲ್ಲ. ಮದುವೆಯಾದಾಗಿನಿಂದ ಪ್ರತಿ ಚಳಿಗಾಲ ಅವರು ಹೀಗೆ ಹಂಡೆ ಮುಂದೆ ನಿಲ್ಲುತ್ತಾರೆ, ನಾನು ಪ್ರತಿ ಸಲ ಒಳಗಿಂದ, ಬಚ್ಚಲಲ್ಲಿ ನಿದ್ದೆ ಹೊಡೀಬೇಡಿ, ಅಂಗಡಿಗೆ ಹೊತ್ತಾಯ್ತು ಅಂತ ಕೂಗುತ್ತೇನೆ. ಅವತ್ತು ಕೂಗುವುದಕ್ಕೆ ದನಿ ಇರಲಿಲ್ಲ, ಅದಕ್ಕೇ ಪೂರ್ತಿ ನೋಡಿದೆ. ಹಂಡೆಯೊಳಗೆ ಗುಳುಕ್ ಅಂತ ಒಂದು ಸಣ್ಣ ಸದ್ದು. ಅವರು ತಲೆ ಆಡಿಸಿ ಚೊಂಬು ಅದ್ದಿದರು.

ನಾನು ಮುಂದೆ ಬಂದು, ಇದು ನೀವಾ, ಇಷ್ಟು ವರ್ಷ ನೀವಾ ಅಂತ ಪಿಸುದನಿಯಲ್ಲಿ ಕೇಳಿದೆ. ವ್ಯಾನಿನ ಗತಿಯನ್ನೂ ಹೇಳಿದೆ. ಎರಡು ದಿನದಿಂದ ಗಂಟಲು ಹರಿದುಕೊಂಡಿದ್ದೀನಿ, ನನ್ನ ಮಾತಲ್ಲಿ ಏನು ಕಮ್ಮಿ ಇತ್ತು ಅಂತ ಜಗಳಕ್ಕೇ ನಿಂತೆ. ಅವರು ಚೊಂಬು ಕೆಳಗಿಟ್ಟರು.

"ನೀನು ಮಾತಾಡ್ತೀಯ ರುದ್ರಾಣಿ," ಅಂದರು. "ಮಾತಾಡಿಸೋದು ಬೇರೆ."

ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದೆ. ಅವರು ಬೈಯಲಿಲ್ಲ, ನೂಲಿನ ಬಣ್ಣ ಹೇಳುವವರ ಹಾಗೆ ಹೇಳಿ ಕಾಲು ತೊಳೆದುಕೊಂಡರು. ನಾನು ಉಪ್ಪುನೀರನ್ನೂ ಮುಕ್ಕಳಿಸದೆ ಅಲ್ಲಿಂದ ಹೊರಟೆ. ದಾರಿಯುದ್ದಕ್ಕೂ ಆ ಎರಡು ಪದಗಳನ್ನೇ ತಿರುವಿ ಹಾಕಿದೆ. ಊರಲ್ಲಿ ಯಾರಾದರೂ ಹುಷಾರಿಲ್ಲದೆ ಮಲಗಿದರೆ ಮಾತಾಡಿಸಿಕೊಂಡು ಬರ್ತೀನಿ ಅಂತ ಹೋಗುತ್ತೇವೆ. ನಾನೂ ಹೋಗಿದ್ದೇನೆ, ಎಷ್ಟೋ ಮನೆಗೆ. ಹೋಗಿ ನನ್ನ ಮಂಡಿನೋವಿನ ಕಥೆ ಹೇಳಿ ಬಂದಿದ್ದೇನೆ. ಮಲಗಿದವರು ಏನಾದರೂ ಅಂದರೋ ಇಲ್ಲವೋ ನೆನಪೇ ಇಲ್ಲ.

ವ್ಯಾನಿನ ಹತ್ತಿರ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಕೊಳವೆ ಪೂರ್ತಿ ಬೆಳ್ಳಗಾಗಿತ್ತು, ಟ್ಯಾಂಕು ತಟ್ಟಿದರೆ ತಳದಲ್ಲಿ ಮಾತ್ರ ಇನ್ನೂ ನೀರು ಅಲುಗಿದ ಹಾಗಿತ್ತು. ಕೆಂಡ ತೆಗೆದೆ, ಕಂಬಳಿ ತೆಗೆದೆ, ರೇಡಿಯೋ ತೆಗೆದು ಗೋಡೆ ಮೇಲಿಟ್ಟೆ. ಬಕೆಟ್ಟಿನ ಮೇಲೆ ಕೂತು ಪಂಪಿನ ಬೆಸುಗೆಯ ಮೇಲೆ ಅಂಗೈ ಇಟ್ಟೆ. ಹೆಂಗಿದ್ದೀಯಮ್ಮಾ ಅಂದೆ. ಅಂದ ಮರುಕ್ಷಣವೇ ನಾನೇ, ಹೆಂಗಿರ್ತೀಯಾ ಪಾಪ, ನನ್ನ ಕೈಗೆ ಸಿಕ್ಕಿ ಹಿಂಗಾದೆ ಅಂತ ಶುರು ಮಾಡಿಬಿಟ್ಟೆ. ಕೇಳಿದವಳೂ ನಾನೇ, ಉತ್ತರ ಕೊಟ್ಟವಳೂ ನಾನೇ. ಒಳಗೆ ಕಬ್ಬಿಣ ಕಿರ್ ಅಂದಿತು. ಸೆರಗಿನ ತುದಿ ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡೆ.

ಅದನ್ನು ತೆಗೆದು ಇನ್ನೊಂದು ಸಲ ಕೇಳಿದೆ. ಕೇಳಿ ಮತ್ತೆ ಸೆರಗು ಕಚ್ಚಿ ಕೂತೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ, ಎರಡು ಹೆರಿಗೆ ಸೇರಿಸಿಯೇ ಹೇಳುತ್ತಿದ್ದೇನೆ. ನಾಲಗೆ ಒಳಗೊಳಗೇ ಒದ್ದಾಡುತ್ತಿತ್ತು. ಮೊದಮೊದಲು ನಾನು ಮುಂದೇನು ಹೇಳಬೇಕು ಅನ್ನುವುದೇ ತಲೆಯಲ್ಲಿ ಓಡುತ್ತಿತ್ತು. ಆಮೇಲೆ ಅದೂ ನಿಂತಿತು. ನಾಲ್ಕು ಮನೆಯಾಚೆ ಯಾರೋ ರಾಗಿ ಕೇರುವುದು ಕೇಳಿಸಿತು, ಬಸ್‌ಸ್ಟ್ಯಾಂಡ್ ಕಡೆಯಿಂದ ಹೊಲಿಗೆ ಮಿಷಿನ್ನಿನ ಸದ್ದು ಕೇಳಿಸಿತು. ಅದು ನಮ್ಮೋರದ್ದೇ ಇರಬೇಕು, ಅಷ್ಟು ದೂರಕ್ಕೆ ಕೇಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಂಗೈಯಡಿ ಪಂಪು ತಣ್ಣಗಿತ್ತು. ಅದಕ್ಕೆ ಹೇಳುವುದು ಏನಾದರೂ ಇರಬಹುದೇ, ಇದ್ದರೆ ಏನು, ಗುರುಬಸು ಹೋದದ್ದು ಅದಕ್ಕೆ ಗೊತ್ತಾಗಿದೆಯೇ, ಅವನಿಗಾಗಿ ನೋಡುತ್ತಿದೆಯೇ ಅಂತ ತಿಳಿದುಕೊಳ್ಳುವ ಆಸೆ ನಿಜಕ್ಕೂ ಹುಟ್ಟಿತು. ಅಲ್ಲಿಯವರೆಗೆ ಹುಟ್ಟಿರಲಿಲ್ಲ.

ಆಗ ಪಂಪಿನ ಹೊಟ್ಟೆಯಲ್ಲಿ ಗುಳುಕ್ ಅಂದಿತು. ಕೊಳವೆಯ ಬಿಳುಪಿನಲ್ಲಿ ಕೂದಲೆಳೆಯಷ್ಟು ಒಂದು ಗೆರೆ ಬಿಟ್ಟುಕೊಂಡಿತು, ಗೆರೆಯುದ್ದಕ್ಕೂ ಒಂದು ಗುಳ್ಳೆ ಮೇಲೆ ಹತ್ತಿತು. ನಾನು ಅಲ್ಲಾಡಲಿಲ್ಲ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಕೊಳವೆ ಅರ್ಧ ತಿಳಿಯಾಯಿತು, ಸಂಜೆ ದೀಪ ಹಚ್ಚುವ ಹೊತ್ತಿಗೆ ಪೂರ್ತಿ. ಸೀಳಿದ ಪೈಪಿನಿಂದ ನೀರು ತೊಟ್ಟಿಕ್ಕಿ ಅಂಗಳ ಒದ್ದೆಯಾಯಿತು. ಬೆಸುಗೆ ತಡೆದುಕೊಂಡಿತ್ತು. ನೀರು ಏನು ಹೇಳಿತು ಅಂತ ಈಗಲೂ ಕೊಳಾಯಿ ಹತ್ತಿರ ನನ್ನನ್ನು ಪೀಡಿಸುತ್ತಾರೆ. ಅದೊಂದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ.

ಮೂರನೇ ದಿನವೆಲ್ಲ ಹಾಗೇ ಕಳೆಯಿತು, ಕೇಳುವುದು, ಕಾಯುವುದು. ನಾಲ್ಕನೇ ದಿನ ಬೆಳಗಿನ ಬಸ್ಸಿಗೆ ಗುರುಬಸು ಬಂದಿಳಿದ. ಹೆಣ್ಣುಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂದ. ನಾನು ಸೀಳಿದ ಪೈಪು, ಬಿರಿದ ಗನ್ನು ಅವನ ಮುಂದಿಟ್ಟು, ತಪ್ಪು ನನ್ನದು, ನೀನು ಹೇಳಲು ಬಂದಾಗ ನಿನ್ನ ಬಾಯಿಗೆ ಅಡ್ಡ ಬಂದೆ ಅಂದೆ. ಅವನು ಮೊದಲು ಕೊಳವೆ ನೋಡಿದ, ಆಮೇಲೆ ಪಂಪು ಮುಟ್ಟಿದ. ಆಮೇಲೆ ಚಾಕು ತೆಗೆದು ಪೈಪಿನ ಕೆಟ್ಟ ತುಂಡನ್ನು ಕತ್ತರಿಸಿ ಎಸೆದು, ಉಳಿದದ್ದು ಸಾಕು ಅತ್ತಿಗೆ ಅಂದ.

ಮಗು ಯಾರ ಹಾಗಿದೆ, ಮೂಗು ನಮ್ಮ ಮನೆಯದೇ ಇರಬೇಕು ಅನ್ನುವುದು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಮಗೂನ ಮೊದಲು ನೋಡಿದಾಗ ನಿನಗೆ ಏನನ್ನಿಸಿತು ಗುರುಬಸು?" ಅಂತ ಕೇಳಿ ಸುಮ್ಮನಾದೆ.

ಅವನು ಪೈಪಿಗೆ ಕ್ಲಿಪ್ಪು ಹಾಕಿದ, ಬಿಗಿ ಮಾಡಿದ, ಸಡಿಲ ಮಾಡಿ ಮತ್ತೆ ಬಿಗಿ ಮಾಡಿದ. ನಾನು ಕಾದೆ.

"ಕಣ್ಣು ಬಿಟ್ಟು ನನ್ನನ್ನೇ ನೋಡ್ತಿತ್ತು ಅತ್ತಿಗೆ," ಅಂದ ಕೊನೆಗೆ. "ನಾನು ಏನಾದ್ರೂ ಹೇಳ್ಲಿ ಅಂತ ಕಾಯೋ ಹಾಗೆ. ನನಗೆ ಹಂಗೆ ಯಾರೂ ಕಾದಿರ್ಲಿಲ್ಲ. ಚೆನ್ನಾಜಿ ಬಿಟ್ರೆ."

ಅಷ್ಟು ಹೇಳಿ ನಿಲ್ಲಿಸಲಿಲ್ಲ. ಮಗುವಿನ ಬೆರಳು, ಘಟ್ಟದ ಮೇಲಿನ ಮಂಜು, ಬಸ್ಸಿನಲ್ಲಿ ಹೆದರಿಕೆಯಾಗಿ ಪಕ್ಕದವನ ಕೈ ಹಿಡಿದುಕೊಂಡದ್ದು, ಎಲ್ಲ ಹೇಳಿದ, ನಿಧಾನವಾಗಿ, ನಡುನಡುವೆ ಕ್ಲಿಪ್ಪು ತಿರುಗಿಸುತ್ತಾ. ಇಪ್ಪತ್ತೆರಡು ವರ್ಷ ಒಂದೇ ಬೀದಿಯಲ್ಲಿದ್ದು ನಾನು ಅವನ ಬಾಯಿಂದ ಕೇಳಿದ ಅಷ್ಟೂ ಮಾತಿಗಿಂತ ಅವತ್ತು ಕೇಳಿದ್ದು ಹೆಚ್ಚು.

ಮನೆಗೆ ಬಂದೆ. ನಮ್ಮ ಯಜಮಾನರು ಅಂಗಡಿಗೆ ಹೊರಡುವ ಮುಂಚೆ ಬಚ್ಚಲಲ್ಲಿ ಹಂಡೆ ಮುಂದೆ ನಿಂತಿದ್ದರು. ಅವರ ಕೆಲಸ ಮುಗಿಯುವ ತನಕ ಬಾಗಿಲಲ್ಲಿ ನಿಂತು ಕಾದೆ. ಅವರು ಕೈ ಒರೆಸಿಕೊಂಡು ತಿರುಗಿದಾಗ, ಹೆಂಗಿದ್ದೀರಿ ಅಂತ ಕೇಳಿದೆ. ಅವರು ಪಕ್ಕಕ್ಕೆ ಸರಿದು ಹಂಡೆಗೆ ದಾರಿ ಬಿಟ್ಟರು.

"ನಿಮ್ಮನ್ನೇ ಕೇಳಿದ್ದು," ಅಂದೆ. ಅಂದು ಸೆರಗಿನ ತುದಿ ಕಚ್ಚಿಕೊಂಡು ಹೊಸ್ತಿಲ ಮೇಲೆ ಕೂತೆ.